ಡಾಕ್ಟರ್ ಬದಲಿಸುವಾಗ ನಿಮಗೆ ಟಿ.ಸಿ. ಕೊಡುವವರು ಯಾರು?

ಮನೆ ಬದಲಿಸಿದಾಗ ಗ್ಯಾಸ್ ಸಿಲಿಂಡರಿನ ವಿಳಾಸ ಬದಲಿಸುತ್ತೀರಿ. ಬ್ಯಾಂಕಿಗೆ ಹೊಸ ಬಾಡಿಗೆ ಕರಾರಿನ ಪ್ರತಿ ಕೊಡುತ್ತೀರಿ. ಮಕ್ಕಳ ಹಳೆಯ ಶಾಲೆಗೆ ಹೋಗಿ ಟಿ.ಸಿ. ತರುತ್ತೀರಿ. ಡಾಕ್ಟರ ವಿಚಾರ ಮಾತ್ರ ನೆನಪಾಗುವುದು ಬಿಪಿ ಮಾತ್ರೆಯ ಸ್ಟ್ರಿಪ್‌ನಲ್ಲಿ ಎರಡೇ ಗುಳಿಗೆ ಉಳಿದಾಗ. ಇಲ್ಲವೇ ರಾತ್ರಿ ಹನ್ನೊಂದಕ್ಕೆ ಮಗುವಿನ ಮೈ ಬೆಂಕಿಯಂತೆ ಕಾದಾಗ. ಆಗ ಹತ್ತಿರದಲ್ಲಿ ಯಾವ ಕ್ಲಿನಿಕ್ ತೆರೆದಿದೆಯೋ ಅದೇ ನಮ್ಮ ಹೊಸ ಡಾಕ್ಟರ ಮನೆ. ಮಗುವಿನ ಶಾಲೆಗೆ ಕೇಳುವ ಟಿ.ಸಿ.ಯನ್ನು ನಮ್ಮ ದೇಹಕ್ಕೆ ನಾವು ಕೇಳುವುದಿಲ್ಲ.

ಈ ಪ್ರಶ್ನೆ ಈಗ ಹೆಚ್ಚು ಜನರಿಗೆ ಎದುರಾಗಲಿದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಒಂದಾದ ಸಾಮಾಜಿಕ ಭದ್ರತಾ ಸಂಹಿತೆಯು ಇಎಸ್‌ಐ ಯೋಜನೆಯನ್ನು ದೇಶದ ಎಲ್ಲ ಕಡೆಗೂ ಒಯ್ಯುವ ಉದ್ದೇಶ ಹೊಂದಿದೆ. ಎಷ್ಟು ಜನರಿಗೆ ಹೊಸದಾಗಿ ಕಾರ್ಡ್ ಸಿಗುತ್ತದೆ ಎಂಬ ಚರ್ಚೆ ನಡೆಯುತ್ತಿದೆ. ಕಾರ್ಡ್ ಸಿಕ್ಕ ಮೇಲೆ ಯಾವ ಡಾಕ್ಟರ್, ಆ ಡಾಕ್ಟರ್ ಹೊಂದದಿದ್ದರೆ ಬದಲಿಸುವುದು ಹೇಗೆ, ಬದಲಿಸಿದಾಗ ಹಿಂದಿನ ಚಿಕಿತ್ಸೆಯ ಗತಿ ಏನು ಎಂಬ ಚರ್ಚೆ ಅಷ್ಟಾಗಿ ಇಲ್ಲ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಕೆಲಸ ಮಾಡುತ್ತ, ಕೆಲವು ವರ್ಷಕ್ಕೊಮ್ಮೆ ಮನೆಯನ್ನೋ ಊರನ್ನೋ ಬದಲಿಸುವ ಕನ್ನಡಿಗರಿಗೆ ಬೇಕಾದದ್ದು ಈ ಎರಡನೆಯ ಚರ್ಚೆ.

ಹೆಚ್ಚಿನ ಪ್ಲಾನ್‌ಗಳಿಗೆ ಗೊತ್ತಿರುವುದು ಆಸ್ಪತ್ರೆಯ ಹಾಸಿಗೆ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಿಮ್ಮ ಆರೋಗ್ಯ ಪ್ಲಾನಿನಲ್ಲಿ 'ನಿಮ್ಮ ಡಾಕ್ಟರ್' ಎಂಬುವವರು ಇದ್ದಾರೆಯೇ?

ಖಾಸಗಿ ಆರೋಗ್ಯ ವಿಮೆ ಇದ್ದರೆ ಬಹುಪಾಲು ಇರುವುದಿಲ್ಲ. ಸಾಮಾನ್ಯ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಡಾಕ್ಟರನ್ನು ಕಾಣುವ ಖರ್ಚು ನಿಮ್ಮ ಜೇಬಿನದೇ. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ್ ಜನ ಆರೋಗ್ಯ ಯೋಜನೆಯೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುವುದು ಆಸ್ಪತ್ರೆ ಸೇರಿದಾಗಲೇ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಕೈಯಿಂದ ಕೊಡುತ್ತಿದ್ದ ಪಾಲು ಶೇ 64.2. 2021-22ರ ಹೊತ್ತಿಗೆ ಅದು ಶೇ 39.4ಕ್ಕೆ ಇಳಿದಿದೆ. ಇಳಿದದ್ದು ಒಳ್ಳೆಯದೇ. ಆದರೂ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ಮನೆಯಿಂದಲೇ ಹೋಗುತ್ತಿದೆ. ಅದರಲ್ಲಿ ಕ್ಲಿನಿಕ್ಕಿನ ಫೀಸು, ಔಷಧಿ ಅಂಗಡಿಯ ಬಿಲ್ಲು ಎಲ್ಲ ಸೇರಿವೆ.

ಹೊರರೋಗಿ ಚಿಕಿತ್ಸೆಗೂ ನಿಗದಿತ ಡಾಕ್ಟರ್ ಅಥವಾ ನಿಗದಿತ ದವಾಖಾನೆಯನ್ನು ಗೊತ್ತುಮಾಡಿಕೊಡುವ ದೊಡ್ಡ ಯೋಜನೆಗಳಲ್ಲಿ ಎರಡನ್ನು ಇಲ್ಲಿ ನೋಡೋಣ. ಒಂದು, ಸಂಘಟಿತ ವಲಯದ ಕಾರ್ಮಿಕರ ಇಎಸ್‌ಐ. ಇನ್ನೊಂದು, ಕೇಂದ್ರ ಸರ್ಕಾರಿ ನೌಕರರು ಮತ್ತು ಪಿಂಚಣಿದಾರರ ಸಿಜಿಎಚ್‌ಎಸ್. ಡಾಕ್ಟರ್ ಬದಲಿಸುವ ನಿಯಮ ಎಂಬುದು ನಿಜವಾಗಿ ಇರುವುದು ಇಂಥ ಯೋಜನೆಗಳಲ್ಲಿ.

ಇಎಸ್‌ಐ: ಹಕ್ಕು ನಿಮ್ಮದು, ಕೇಳಬೇಕಾದವರೂ ನೀವೇ

ಇಎಸ್‌ಐ ಕಾಯ್ದೆ 1948ರದು. ಯೋಜನೆ ಆರಂಭವಾದದ್ದು 1952ರ ಫೆಬ್ರವರಿ 24ರಂದು, ಕಾನ್ಪುರ ಮತ್ತು ದೆಹಲಿಯಲ್ಲಿ. 2017ರ ಜನವರಿಯಿಂದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ಅಂಗವಿಕಲರಿಗೆ 25,000 ರೂಪಾಯಿ ಎಂದು ನಿಗದಿಯಾಯಿತು. 2019ರ ಜುಲೈಯಿಂದ ನೌಕರನ ವಂತಿಗೆ ಸಂಬಳದ ಶೇ 0.75, ಮಾಲೀಕನದು ಶೇ 3.25. ಸಂಬಳ 18,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮಿಂದ 135, ಮಾಲೀಕರಿಂದ 585, ಒಟ್ಟು ತಿಂಗಳಿಗೆ 720 ರೂಪಾಯಿ ನಿಮ್ಮ ಹೆಸರಿನಲ್ಲಿ ಜಮೆಯಾಗುತ್ತದೆ. ವರ್ಷಕ್ಕೆ 8,640 ರೂಪಾಯಿ. 'ಇಎಸ್‌ಐ ಅಂದರೆ ಧರ್ಮದ ಔಷಧಿ' ಎಂದು ಹಿಂಜರಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಹಣ ಕೊಟ್ಟು ಪಡೆಯುವ ಸೇವೆ ಇದು.

ಇಎಸ್‌ಐನಲ್ಲಿ ಮೊದಲ ಹಂತದ ಚಿಕಿತ್ಸೆ ಸಿಗುವ ದಾರಿ ಎರಡು. ಮೊದಲನೆಯದು ಇಎಸ್‌ಐನದೇ ಡಿಸ್ಪೆನ್ಸರಿ. ದೆಹಲಿಯಲ್ಲಿ ಇದನ್ನು ನಿಗಮವೇ ನೋಡಿಕೊಳ್ಳುತ್ತದೆ. ಇತರ ಕಡೆ ಬಹುಮಟ್ಟಿಗೆ ಆಯಾ ರಾಜ್ಯ ಸರ್ಕಾರಗಳು ನಡೆಸುತ್ತವೆ. ಎರಡನೆಯದು ಪ್ಯಾನೆಲ್ ಡಾಕ್ಟರ್ ಪದ್ಧತಿ. ಸ್ವಂತ ಕ್ಲಿನಿಕ್ ನಡೆಸುವ ಖಾಸಗಿ ಡಾಕ್ಟರು ಇಎಸ್‌ಐ ಪಟ್ಟಿಗೆ ಸೇರಿ, ತಮ್ಮ ಹೆಸರಿಗೆ ನೋಂದಾಯಿಸಿದ ಕಾರ್ಮಿಕರನ್ನೂ ಅವರ ಕುಟುಂಬವನ್ನೂ ನೋಡುತ್ತಾರೆ. ಒಬ್ಬ ಪ್ಯಾನೆಲ್ ಡಾಕ್ಟರ ಪಟ್ಟಿಯಲ್ಲಿ 2,000 ಕಾರ್ಮಿಕ ಕುಟುಂಬಗಳವರೆಗೆ ಇರಬಹುದು. ಮಹಾರಾಷ್ಟ್ರದಲ್ಲಿ ಈ ಪದ್ಧತಿ ಬಹಳ ಕಾಲದಿಂದ ಇದೆ. ಹಾಗಾಗಿ ಮುಂಬೈ, ಪುಣೆಯ ಓದುಗರಿಗೆ 'ನಮ್ಮ ಪ್ಯಾನೆಲ್ ಡಾಕ್ಟರ್' ಎಂಬ ಮಾತು ಹೊಸದಲ್ಲ.

ತೊಡಕು ಶುರುವಾಗುವುದು ನೋಂದಣಿಯ ದಿನವೇ. ಕೆಲಸಕ್ಕೆ ಸೇರಿದಾಗ ಕಂಪನಿಯ ಎಚ್‌ಆರ್ ವಿಭಾಗದವರು ಅರ್ಜಿ ತುಂಬುತ್ತಾರೆ. ಡಿಸ್ಪೆನ್ಸರಿ ಎಂಬ ಜಾಗದಲ್ಲಿ ಫ್ಯಾಕ್ಟರಿಗೆ ಹತ್ತಿರದ್ದನ್ನು ಹಾಕಿಬಿಡುತ್ತಾರೆ. ನೀವಿರುವುದು ಡೊಂಬಿವಲಿಯಲ್ಲಿ, ಡಿಸ್ಪೆನ್ಸರಿ ಇರುವುದು ಅಂಧೇರಿಯಲ್ಲಿ ಎಂದಾದರೆ ಜ್ವರ ಬಂದ ದಿನ ಲೋಕಲ್ ರೈಲು ಹತ್ತಿ ಯಾರು ಹೋಗುತ್ತಾರೆ? ಪಕ್ಕದ ಕ್ಲಿನಿಕ್ಕಿಗೆ ಹೋಗಿ ಹಣ ಕೊಟ್ಟು ಬರುತ್ತೀರಿ. ವಂತಿಗೆ ಕಟ್ಟಿದ್ದೂ ನೀವೇ, ಫೀಸು ಕೊಟ್ಟದ್ದೂ ನೀವೇ.

ಇದನ್ನು ಬದಲಿಸಬಹುದು. ನಿಮ್ಮ ಹೊಸ ವಿಳಾಸದ ದಾಖಲೆ ತೋರಿಸಿ, ಮನೆಗೆ ಹತ್ತಿರದ ಡಿಸ್ಪೆನ್ಸರಿ ಅಥವಾ ಪ್ಯಾನೆಲ್ ಡಾಕ್ಟರ ಹೆಸರಿಗೆ ವರ್ಗಾಯಿಸುವಂತೆ ಎಚ್‌ಆರ್ ಮೂಲಕ ಕೇಳಿ. ಅಲ್ಲಿ ಕೆಲಸವಾಗದಿದ್ದರೆ ಇಎಸ್‌ಐಸಿ ಶಾಖಾ ಕಚೇರಿಗೆ ಹೋಗಿ ಕೇಳಿ. ಬದಲಾದ ಮೇಲೆ ಇ-ಪೆಹಚಾನ್ ಕಾರ್ಡನ್ನು ಮತ್ತೆ ಪ್ರಿಂಟ್ ಹಾಕಿಸಿಕೊಂಡು ಹೊಸ ಹೆಸರು ಬಂದಿದೆಯೇ ನೋಡಿ. ಬಾಯಿಮಾತಿನಲ್ಲಿ 'ಆಗಿದೆ' ಎಂದರೆ ಸಾಲದು.

ಜೊತೆಗೆ ಎರಡು ಸಂಗತಿ ನೆನಪಿಡಿ.

ಒಂದು, ಇಎಸ್‌ಐನ ಹತ್ತು ಅಂಕಿಯ ವಿಮಾ ಸಂಖ್ಯೆ ಜೀವನಪರ್ಯಂತ ಒಂದೇ. ಕಂಪನಿ ಬದಲಾದಾಗ ಹಳೆಯ ಸಂಖ್ಯೆಯನ್ನೇ ಕೊಡಿ. 'ಹೊಸದೇ ಮಾಡಿಸಿಬಿಡೋಣ' ಎಂದು ಎಚ್‌ಆರ್‌ನವರು ಹೇಳಿದರೆ ಒಪ್ಪಬೇಡಿ. ಕಾಯಿಲೆಯಿಂದ ರಜೆಯಲ್ಲಿರುವಾಗ ಸಿಗುವ ಹಣಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಸಂಖ್ಯೆ ಎರಡಾದರೆ ಲೆಕ್ಕವೂ ಎರಡು ತುಂಡಾಗುತ್ತದೆ.

ಎರಡು, ಹೆಂಡತಿ ಮಕ್ಕಳು ಅಥವಾ ತಂದೆ ತಾಯಿ ಊರಿನಲ್ಲಿದ್ದರೆ, ಅವರು ನಿಮ್ಮ ಜೊತೆ ವಾಸವಿಲ್ಲ ಎಂಬುದನ್ನು ನೋಂದಣಿಯಲ್ಲಿ ಬರೆಸಿ, ಅವರಿಗೆ ಅಲ್ಲಿಯೇ ಡಿಸ್ಪೆನ್ಸರಿ ಕೇಳಬಹುದು. ನೀವು ಪುಣೆಯ ಚಿಂಚವಾಡದಲ್ಲಿ, ಮನೆಯವರು ಬೆಳಗಾವಿಯಲ್ಲಿ ಎಂದಾದರೆ ಈ ಒಂದು ಸಾಲಿನಿಂದ ವರ್ಷಕ್ಕೆ ಎಷ್ಟೋ ಓಡಾಟ ತಪ್ಪುತ್ತದೆ.

ರಜೆಯ ಸರ್ಟಿಫಿಕೇಟ್ ನಡುವೆ ಡಾಕ್ಟರ್ ಬದಲಿಸಬೇಡಿ

ಇಎಸ್‌ಐ ಡಾಕ್ಟರ ಕೆಲಸ ಔಷಧಿ ಬರೆಯುವುದಷ್ಟೇ ಅಲ್ಲ. ನೀವು ದುಡಿಯಲಾರಿರಿ ಎಂದು ಅವರು ಬರೆದುಕೊಡುವ ಪ್ರಮಾಣಪತ್ರದ ಮೇಲೆಯೇ ಕಾಯಿಲೆ ಭತ್ಯೆ ನಿಂತಿದೆ. ಅದು ದಿನದ ಸರಾಸರಿ ಕೂಲಿಯ ಶೇ 70, ವರ್ಷಕ್ಕೆ ಗರಿಷ್ಠ 91 ದಿನ. ಸರಾಸರಿ ಕೂಲಿ 600 ರೂಪಾಯಿ ಇದ್ದರೆ ದಿನಕ್ಕೆ 420 ರೂಪಾಯಿ. ಕ್ಷಯ, ಕ್ಯಾನ್ಸರ್‌ನಂಥ 34 ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದ್ದರೆ ಶೇ 80ರಂತೆ ಎರಡು ವರ್ಷದವರೆಗೂ ವಿಸ್ತರಣೆ ಇದೆ. ಅದಕ್ಕೆ ಬೇರೆ ಅರ್ಹತೆಗಳಿವೆ.

ಈ ಪತ್ರಗಳು ಸರಪಳಿಯಂತೆ ಸಾಗಬೇಕು. ಮೊದಲ ಪತ್ರ, ನಡುವಿನ ಪತ್ರ, ಕೆಲಸಕ್ಕೆ ಮರಳಬಹುದು ಎಂಬ ಕೊನೆಯ ಪತ್ರ. ನಡುವೆ ಡಾಕ್ಟರ್ ಬದಲಾದರೆ ಹೊಸಬರಿಗೆ ಹಿಂದಿನದು ಕಾಣದೆ ಒಂದು ಕೊಂಡಿ ಕಳಚುವ ಸಾಧ್ಯತೆ ಇದೆ. ಕಳಚಿದಷ್ಟು ದಿನದ ಹಣಕ್ಕಾಗಿ ಶಾಖಾ ಕಚೇರಿಗೆ ಅಲೆಯಬೇಕಾಗುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಕೊನೆಯ ಪತ್ರ ಸಿಕ್ಕ ಮೇಲೆಯೇ ಡಾಕ್ಟರ್ ಬದಲಿಸಿ. ಬದಲಿಸಲೇಬೇಕಾದರೆ ಹಿಂದಿನ ಎಲ್ಲ ಪತ್ರಗಳ ಪ್ರತಿ ಹಿಡಿದುಕೊಂಡು ಹೊಸಬರ ಬಳಿಗೆ ಹೋಗಿ.

ಸಂಬಳ ಹೆಚ್ಚಾಗಿ 21,000 ದಾಟಿದವರಿಗೂ ಒಂದು ಮಾತು. ಮಿತಿ ದಾಟಿದ ಮರುದಿನವೇ ಕಾರ್ಡ್ ನಿಲ್ಲುವುದಿಲ್ಲ. ವಂತಿಗೆ ಅವಧಿ ಮುಗಿಯುವವರೆಗೂ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೂ ನೀವು ಯೋಜನೆಯೊಳಗೇ ಇರುತ್ತೀರಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ಹಳೆಯ ಡಾಕ್ಟರಿಂದ ಹೊಸ ಡಾಕ್ಟರಿಗೆ ನೆಮ್ಮದಿಯಾಗಿ ದಾಟಿಕೊಳ್ಳಲು ನಿಮಗೆ ಕೆಲವು ತಿಂಗಳು ಸಿಗುತ್ತವೆ. ಅವನ್ನು ಬಳಸಿಕೊಳ್ಳಿ.

ಸಿಜಿಎಚ್‌ಎಸ್: ನಿವೃತ್ತಿಯ ನಂತರದ ದೊಡ್ಡ ಬದಲಾವಣೆ

1954ರಲ್ಲಿ ದೆಹಲಿಯಲ್ಲಿ ಆರಂಭವಾದ ಸಿಜಿಎಚ್‌ಎಸ್‌ನಲ್ಲಿ ನಿಮ್ಮ ಕಾರ್ಡ್ ಒಂದು ವೆಲ್‌ನೆಸ್ ಸೆಂಟರಿಗೆ ಸೇರಿರುತ್ತದೆ. ಮನೆ ಬದಲಾದರೆ, ಊರು ಬದಲಾದರೆ, ಅರ್ಜಿ ಕೊಟ್ಟು ಬೇರೆ ಸೆಂಟರಿಗೆ ವರ್ಗ ಮಾಡಿಸಿಕೊಳ್ಳಬಹುದು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು ಎಲ್ಲವೂ ಈ ಯೋಜನೆಯ ವ್ಯಾಪ್ತಿಯಲ್ಲಿರುವ ನಗರಗಳು.

ಕಷ್ಟ ಬರುವುದು ನಿವೃತ್ತಿಯ ವೇಳೆಯಲ್ಲಿ. ಮೂವತ್ತು ವರ್ಷ ದೆಹಲಿಯ ಆರ್.ಕೆ. ಪುರಂನಲ್ಲಿದ್ದವರು ಊರಿನ ಮನೆಯಲ್ಲಿ ನೆಲೆಸಬೇಕೆಂದು ಶಿವಮೊಗ್ಗಕ್ಕೋ ಧಾರವಾಡಕ್ಕೋ ಹೊರಡುತ್ತಾರೆ. ಅಷ್ಟು ವರ್ಷ ನಡೆದುಹೋಗುವ ದೂರದಲ್ಲಿದ್ದ ಡಾಕ್ಟರ್, ಔಷಧಿ ಕೊಡುವ ಕಿಟಕಿ, ಲ್ಯಾಬ್ ಎಲ್ಲವೂ ಒಟ್ಟಿಗೆ ಕೈಬಿಡುತ್ತವೆ. ಸಿಜಿಎಚ್‌ಎಸ್ ಇಲ್ಲದ ಊರಿನಲ್ಲಿ ನೆಲೆಸುವ ಪಿಂಚಣಿದಾರರು ಹೊರರೋಗಿ ಸೌಲಭ್ಯದ ಬದಲಿಗೆ ನಿಗದಿತ ವೈದ್ಯಕೀಯ ಭತ್ಯೆ ಪಡೆಯಬಹುದು. 2017ರ ಜುಲೈಯಿಂದ ಅದು ತಿಂಗಳಿಗೆ 1,000 ರೂಪಾಯಿ ಆಯಿತು. ಇಬ್ಬರು ವೃದ್ಧರು, ಇಬ್ಬರಿಗೂ ಬಿಪಿ, ಒಬ್ಬರಿಗೆ ಸಕ್ಕರೆ ಎಂದರೆ ಈ ಮೊತ್ತ ಸಾಲುತ್ತದೆಯೇ? ನಿಮ್ಮ ಈಗಿನ ಔಷಧಿಗಳ ಅಂಗಡಿ ಬೆಲೆಯನ್ನು ಕೂಡಿಸಿ ನೋಡಿದ ಮೇಲೆಯೇ ಊರು ಆಯ್ದುಕೊಳ್ಳಿ. ಮನೆ ಕಟ್ಟುವ ಲೆಕ್ಕ ಹಾಕಿದಷ್ಟೇ ಎಚ್ಚರದಿಂದ ಈ ಲೆಕ್ಕವನ್ನೂ ಹಾಕಬೇಕು.

ಖಾಸಗಿ ಪ್ಲಾನ್: 'ಎಷ್ಟು ವರ್ಷದಿಂದ?' ಎಂಬ ಪ್ರಶ್ನೆ

ಐಟಿ ಕಂಪನಿಗಳು ಕೊಡುವ ಕೆಲವು ಪ್ಲಾನ್‌ಗಳಲ್ಲಿ ಈಗ ಹೊರರೋಗಿ ಸೌಲಭ್ಯವೂ ಇರುತ್ತದೆ. ಆ್ಯಪ್ ತೆರೆದರೆ ಡಾಕ್ಟರುಗಳ ಪಟ್ಟಿ ಬರುತ್ತದೆ. ಇಂದು ಒಬ್ಬರು, ನಾಳೆ ಇನ್ನೊಬ್ಬರು. ಸೇರುವ ಮೊದಲು ಕಂಪನಿಯನ್ನು ಮೂರು ಪ್ರಶ್ನೆ ಕೇಳಿ: ಪ್ರತಿ ಸಲ ಅದೇ ಡಾಕ್ಟರನ್ನು ಆಯ್ದುಕೊಳ್ಳಬಹುದೇ? ಪಟ್ಟಿಯ ಹೊರಗಿರುವ ನನ್ನ ಈಗಿನ ಡಾಕ್ಟರ ಫೀಸನ್ನು ಮರಳಿ ಕೊಡುತ್ತೀರಾ? ಕೆಲಸ ಬಿಟ್ಟ ಮೇಲೆ ಆ್ಯಪ್‌ನಲ್ಲಿರುವ ನನ್ನ ದಾಖಲೆಗಳು ನನಗೆ ಸಿಗುತ್ತವೆಯೇ? ಮೂರನೆಯದಕ್ಕೆ ಉತ್ತರ ಅಸ್ಪಷ್ಟವಾಗಿದ್ದರೆ ಪ್ರತಿ ಭೇಟಿಯ ಚೀಟಿಯನ್ನು ಅಂದಂದೇ ನಿಮ್ಮ ಫೋನಿಗೆ ಇಳಿಸಿಕೊಳ್ಳಿ.

ಆಸ್ಪತ್ರೆ ವಿಮೆ ಮಾತ್ರ ಇರುವವರಿಗೂ ಡಾಕ್ಟರ್ ಬದಲಾವಣೆ ಸಣ್ಣ ವಿಷಯವಲ್ಲ. ಹೊಸ ಡಾಕ್ಟರ್ ಕೇಳುತ್ತಾರೆ, 'ಶುಗರ್ ಎಷ್ಟು ವರ್ಷದಿಂದ?' ನೀವು ಅಂದಾಜಿನಲ್ಲಿ 'ಹತ್ತು ವರ್ಷ ಆಗಿರಬಹುದು' ಎನ್ನುತ್ತೀರಿ. ಅವರು ಚೀಟಿಯಲ್ಲಿ '10 ವರ್ಷ' ಎಂದು ಬರೆಯುತ್ತಾರೆ. ನಿಜದಲ್ಲಿ ಅದು ಪತ್ತೆಯಾಗಿದ್ದು ಆರು ವರ್ಷದ ಹಿಂದೆ, ಪಾಲಿಸಿ ಮಾಡಿಸಿದ್ದು ಏಳು ವರ್ಷದ ಹಿಂದೆ. ನಾಳೆ ಕ್ಲೇಮ್ ಬಂದಾಗ ವಿಮಾ ಕಂಪನಿ ಓದುವುದು ಆ ಚೀಟಿಯನ್ನು. ಮುಚ್ಚಿಟ್ಟು ಪಾಲಿಸಿ ಮಾಡಿಸಿದಿರಿ ಎಂಬ ತಕರಾರಿಗೆ ಅಷ್ಟೇ ಸಾಕು.

2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎರಡು ಮುಖ್ಯ ಬದಲಾವಣೆ ಮಾಡಿತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ, ಸಾಬೀತಾದ ವಂಚನೆಯ ಹೊರತು, ವಿವರ ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಮೊದಲು ಈ ಅವಧಿ 96 ತಿಂಗಳಿತ್ತು. ಇವು ನಿಮ್ಮ ಪರವಾದ ನಿಯಮಗಳು. ಆದರೂ ಚೀಟಿಯಲ್ಲಿ ತಪ್ಪು ವರ್ಷ ನಮೂದಾಗದಂತೆ ನೋಡಿಕೊಳ್ಳುವುದು ತಕರಾರು ಎದುರಿಸುವುದಕ್ಕಿಂತ ಸುಲಭ. ಕಾಯಿಲೆ ಪತ್ತೆಯಾದ ಮೊದಲ ರಿಪೋರ್ಟನ್ನು ಎಂದಿಗೂ ಎಸೆಯಬೇಡಿ. ಅದರ ತಾರೀಖೇ ನಿಮ್ಮ ಸಾಕ್ಷಿ.

ದಾಟುವಾಗ ದೇಹಕ್ಕೆ ಆಗುವ ಅಪಾಯ

ಹಣದ ಮಾತು ಒಂದು ಕಡೆ ಇರಲಿ. ಒಬ್ಬರೇ ಡಾಕ್ಟರನ್ನು ವರ್ಷಗಟ್ಟಲೆ ಕಾಣುವುದರಿಂದ ಏನು ಲಾಭ? 2018ರಲ್ಲಿ 'ಬಿಎಂಜೆ ಓಪನ್' ಪತ್ರಿಕೆಯಲ್ಲಿ ಒಂಬತ್ತು ದೇಶಗಳ 22 ಅಧ್ಯಯನಗಳ ಪರಾಮರ್ಶೆ ಪ್ರಕಟವಾಯಿತು. ಅವುಗಳಲ್ಲಿ 18 ಅಧ್ಯಯನಗಳು, ಅದೇ ಡಾಕ್ಟರನ್ನು ಕಾಣುತ್ತ ಬಂದವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು ಕಂಡುಕೊಂಡಿದ್ದವು. ಇದು ಪವಾಡದ ಡಾಕ್ಟರ ಕಥೆಯಲ್ಲ. ನಿಮ್ಮ ಎಂದಿನ ಬಿಪಿ ಎಷ್ಟು, ಯಾವ ಮಾತ್ರೆಗೆ ಕಾಲು ಊದಿತ್ತು, ನಿಮ್ಮ ತಂದೆಗೆ ಯಾವ ವಯಸ್ಸಿನಲ್ಲಿ ಹೃದಯಾಘಾತವಾಯಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಡಾಕ್ಟರ್ ಬದಲಾದರೆ ಆ ತಿಳಿವಳಿಕೆ ಅಲ್ಲೇ ಉಳಿಯುತ್ತದೆ.

ಆಗಾಗ ಕಾಣುವ ಅಪಾಯಗಳು ಇವು:

- ಒಂದೇ ಔಷಧಿ ಎರಡು ಹೆಸರಿನಲ್ಲಿ. ಹಳೆಯ ಡಾಕ್ಟರ್ ಒಂದು ಬ್ರಾಂಡಿನ ಟೆಲ್ಮಿಸಾರ್ಟನ್ ಬರೆದಿದ್ದರು. ಹೊಸಬರು ಇನ್ನೊಂದು ಬ್ರಾಂಡಿನದು ಬರೆದರು. ಡಬ್ಬಿಯ ಬಣ್ಣ ಬೇರೆ, ಹೆಸರು ಬೇರೆ. ಮನೆಯಲ್ಲಿರುವ ಅಜ್ಜಿ ಎರಡನ್ನೂ ನುಂಗಿ, ಎದ್ದು ನಿಂತಾಗ ತಲೆ ಸುತ್ತಿ ಬೀಳುತ್ತಾರೆ. ಮೆಟ್‌ಫಾರ್ಮಿನ್ ಸೇರಿದ ಸಂಯುಕ್ತ ಮಾತ್ರೆಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು.

- ಮಾತ್ರೆ ಥಟ್ಟನೆ ನಿಲ್ಲುವುದು. ಹೊಸ ಡಾಕ್ಟರ್ ಸಿಗುವವರೆಗೆ ಬಿಡೋಣ ಎಂದು ಕೆಲವು ಔಷಧಿ ಬಿಡುವಂತಿಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಹೃದಯದ ಮಾತ್ರೆ, ಮೂರ್ಛೆ ರೋಗದ ಮಾತ್ರೆ, ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡ್ ಇವೆಲ್ಲ ಹಠಾತ್ತನೆ ನಿಂತರೆ ಅಪಾಯ.

- ತಪಾಸಣೆಯ ಸರಣಿ ಕಡಿಯುವುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಐಎನ್‌ಆರ್ ಪರೀಕ್ಷೆ ತಪ್ಪುವಂತಿಲ್ಲ. ಮುಂದಿನ ತಾರೀಖು ಯಾವುದು ಎಂಬುದು ಹೊಸಬರಿಗೆ ಗೊತ್ತಿರಬೇಕು.

- ಅಲರ್ಜಿ ಮರೆತುಹೋಗುವುದು. 'ಒಂದು ಇಂಜೆಕ್ಷನ್‌ಗೆ ಮೈಯೆಲ್ಲ ದಡಸಲು ಎದ್ದಿತ್ತು' ಎಂದರೆ ಪ್ರಯೋಜನವಿಲ್ಲ. ಯಾವ ಇಂಜೆಕ್ಷನ್ ಎಂಬ ಹೆಸರು ಬೇಕು.

ಹೆರಿಗೆಗೆ ತವರಿಗೆ ಹೋಗುವವರ ಮಾತು ಇಲ್ಲಿ ಬರಲೇಬೇಕು. ಪುಣೆಯಲ್ಲಿ ಏಳು ತಿಂಗಳು ತೋರಿಸಿಕೊಂಡು, ಸೀಮಂತ ಮುಗಿಸಿ ಹುಬ್ಬಳ್ಳಿಗೆ ಹೊರಡುವ ಹೆಣ್ಣುಮಗಳು ಬಸಿರಿನ ಅತಿ ಸೂಕ್ಷ್ಮ ಘಟ್ಟದಲ್ಲಿ ಡಾಕ್ಟರನ್ನು ಬದಲಿಸುತ್ತಾಳೆ. ರಕ್ತದ ಗುಂಪು, ಆರ್‌ಎಚ್ ನೆಗೆಟಿವ್ ಇದೆಯೇ, ಹಿಮೋಗ್ಲೋಬಿನ್, ಬಿಪಿ, ಎಲ್ಲ ಸ್ಕ್ಯಾನ್ ರಿಪೋರ್ಟು, ಹಾಕಿಸಿದ ಟಿಡಿ ಲಸಿಕೆಯ ತಾರೀಖು ಇವು ಸೀರೆ ಬಳೆಗಳ ಜೊತೆಗೇ ಚೀಲದಲ್ಲಿ ಹೋಗಬೇಕು. ಕರ್ನಾಟಕದಲ್ಲಿ 'ತಾಯಿ ಕಾರ್ಡ್' ಎನ್ನುವ ತಾಯಿ-ಮಗು ರಕ್ಷಣಾ ಕಾರ್ಡ್ ಬೇರೆ ರಾಜ್ಯಗಳಲ್ಲೂ ಇದೆ. ಅದನ್ನು ತುಂಬಿಸಿ ತೆಗೆದುಕೊಂಡೇ ಹೊರಡಿ.

ದಾಖಲೆ ಕೇಳುವುದು ದಾಕ್ಷಿಣ್ಯದ ವಿಷಯವಲ್ಲ

'ಇಷ್ಟು ವರ್ಷ ನೋಡಿದ ಡಾಕ್ಟರನ್ನು ಬಿಟ್ಟು ಹೋಗುತ್ತೇನೆ, ಕಾಗದ ಕೊಡಿ ಎಂದು ಹೇಗೆ ಕೇಳುವುದು?' ಎಂಬ ಸಂಕೋಚ ಅನೇಕರಿಗೆ. ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನೀತಿ ನಿಯಮಾವಳಿಯ ಪ್ರಕಾರ, ರೋಗಿ ತನ್ನ ದಾಖಲೆ ಕೇಳಿದರೆ ಡಾಕ್ಟರ್ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ಅಂದರೆ ನಾಲ್ಕನೆಯ ವರ್ಷ ಅದು ಸಿಗದೇ ಹೋಗಬಹುದು. ಊರು ಬಿಡುವ ಮೊದಲೇ ಕೇಳುವುದು ಜಾಣತನ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ದಾಖಲೆ ಪಡೆಯುವ ಹಕ್ಕು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವ ಹಕ್ಕು ಇವೆ.

ಇನ್ನೊಂದು ಅನುಕೂಲವೂ ಇದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಡಾಕ್ಟರನ್ನು ನೀವು ಎದುರಾಎದುರು ಕಂಡು ಆರು ತಿಂಗಳಾಗಿಲ್ಲವಾದರೆ, ಅದೇ ಕಾಯಿಲೆಯ ಮುಂದುವರಿಕೆಗೆ ಅವರು ಫೋನ್ ಅಥವಾ ವಿಡಿಯೊ ಮೂಲಕ ನೋಡಿ ಔಷಧಿ ಮತ್ತೆ ಬರೆಯಬಹುದು. ಮಾದಕ ವರ್ಗಕ್ಕೆ ಸೇರಿದ ಕೆಲವು ಔಷಧಿಗಳಿಗೆ ಇದು ಅನ್ವಯಿಸದು. ಹೈದರಾಬಾದಿನಿಂದ ಚೆನ್ನೈಗೆ ಬಂದ ಮೊದಲ ತಿಂಗಳಲ್ಲಿ ಹಳೆಯ ಡಾಕ್ಟರನ್ನೇ ವಿಡಿಯೊದಲ್ಲಿ ಕಂಡು ಮಾತ್ರೆ ಮುಂದುವರಿಸಿ, ಅಷ್ಟರಲ್ಲಿ ಹೊಸಬರನ್ನು ವಿಚಾರಿಸಿ ಆಯ್ದುಕೊಳ್ಳಬಹುದು.

ನಿಮ್ಮ ಟಿ.ಸಿ.: ಒಂದೇ ಹಾಳೆ

ಇಪ್ಪತ್ತು ವರ್ಷದ ಫೈಲನ್ನು ಮೇಜಿನ ಮೇಲಿಟ್ಟರೆ ಐದು ನಿಮಿಷ ಸಮಯವಿರುವ ಡಾಕ್ಟರ್ ಅದನ್ನು ಓದುವುದಿಲ್ಲ. ಒಂದು ಹಾಳೆ ಕೊಟ್ಟರೆ ಓದುತ್ತಾರೆ. ಅದರಲ್ಲಿ ಇಷ್ಟಿರಲಿ:

1. ಹೆಸರು, ಹುಟ್ಟಿದ ವರ್ಷ, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ.
2. ಕಾಯಿಲೆಗಳ ಹೆಸರು, ಪ್ರತಿಯೊಂದೂ ಪತ್ತೆಯಾದ ತಿಂಗಳು ಮತ್ತು ವರ್ಷ.
3. ಈಗಿನ ಔಷಧಿಗಳು: ಬ್ರಾಂಡ್ ಹೆಸರಿನ ಪಕ್ಕದಲ್ಲಿ ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ.
4. ಬಿಟ್ಟ ಔಷಧಿಗಳು ಮತ್ತು ಬಿಟ್ಟ ಕಾರಣ. 'ಕೆಮ್ಮು ಬಂತು', 'ಕಾಲು ಊದಿತು' ಎಂದರೆ ಸಾಕು.
5. ಅಲರ್ಜಿಗಳು.
6. ಆಪರೇಷನ್‌ಗಳು, ಆಸ್ಪತ್ರೆ ಸೇರಿದ ವರ್ಷಗಳು.
7. ಕೊನೆಯ ಮೂರು ಪರೀಕ್ಷೆಗಳ ಫಲಿತಾಂಶ, ತಾರೀಖು ಸಹಿತ. ಸಕ್ಕರೆ ಇದ್ದವರು ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಬರೆಯಿರಿ.
8. ತಂದೆ, ತಾಯಿ, ಒಡಹುಟ್ಟಿದವರಿಗೆ ಇದ್ದ ದೊಡ್ಡ ಕಾಯಿಲೆಗಳು.

ಬರೆದ ಹಾಳೆಯನ್ನು ಹಳೆಯ ಡಾಕ್ಟರಿಗೆ ತೋರಿಸಿ, ಸರಿಯಿದೆಯೇ ನೋಡಿ ಸಹಿ ಹಾಕಿಕೊಡುವಂತೆ ಕೇಳಿ. ಹೊಸಬರ ಮೊದಲ ಭೇಟಿಗೆ ಹೋಗುವಾಗ ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಹೊರಡುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿ: 'ಇವುಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು?' ನಿಲ್ಲಿಸಬೇಕಾದ್ದನ್ನು ಮನೆಯ ಡಬ್ಬಿಯಿಂದ ಅಂದೇ ತೆಗೆದುಹಾಕಿ.

ಭಾಷೆಯೂ ಚಿಕಿತ್ಸೆಯ ಭಾಗ

ಹೊರನಾಡಿನಲ್ಲಿ ಡಾಕ್ಟರ್ ಬದಲಿಸುವಾಗ ಭಾಷೆಯೂ ಅಡ್ಡ ಬರುತ್ತದೆ. ನಿಮಗೆ ಹಿಂದಿಯೋ ಮರಾಠಿಯೋ ತಮಿಳೋ ಬರಬಹುದು. ಊರಿನಿಂದ ಬಂದ ಅವ್ವನಿಗೆ, ಅತ್ತೆಗೆ ಬರುವುದಿಲ್ಲ. 'ಹೊಟ್ಟೆಯಲ್ಲಿ ಸಂಕಟ' ಎಂದು ಅವರು ಹೇಳುವುದು ವಾಕರಿಕೆಯ ಕಸಿವಿಸಿಯನ್ನು. ಹಿಂದಿಯಲ್ಲಿ 'ಸಂಕಟ' ಎಂದರೆ ವಿಪತ್ತು. 'ಪಿತ್ತ ಆಗಿದೆ' ಎಂದರೆ ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ಹುಳಿ ತೇಗು. 'ಕೈ ಜೋಮು ಹಿಡಿದಿದೆ' ಎಂಬುದನ್ನು ಕೈನೋವು ಎಂದು ಅನುವಾದಿಸಿದರೆ ಡಾಕ್ಟರ್ ಹುಡುಕುವುದು ಬೇರೆಯದನ್ನೇ.

ಆದ್ದರಿಂದ ಹಿರಿಯರ ಜೊತೆ ಹೋಗುವವರು ಶಬ್ದವನ್ನು ಅನುವಾದಿಸದೆ ಅನುಭವವನ್ನು ವಿವರಿಸಿ: ಎಲ್ಲಿ, ಯಾವಾಗಿನಿಂದ, ಎಷ್ಟು ಹೊತ್ತು, ಏನು ಮಾಡಿದರೆ ಹೆಚ್ಚುತ್ತದೆ. ಅವರ ಪರವಾಗಿ ಎಲ್ಲ ಉತ್ತರವನ್ನೂ ನೀವೇ ಕೊಡಬೇಡಿ; ಅವರನ್ನೇ ಕೇಳಿ ಹೇಳಿ. ಸೊಸೆಯ ಎದುರು, ಮಗನ ಎದುರು ಹೇಳಲಾಗದ ತೊಂದರೆಗಳು ಇರುತ್ತವೆ ಎಂಬುದೂ ನೆನಪಿರಲಿ. ಹತ್ತಿರದಲ್ಲಿ ಕನ್ನಡ ಬಲ್ಲ ಡಾಕ್ಟರ್ ಇದ್ದಾರೆಯೇ ಎಂದು ಊರಿನ ಕನ್ನಡ ಸಂಘದಲ್ಲಿ ವಿಚಾರಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಭಾಷೆ ಒಂದೇ ಎಂಬ ಕಾರಣಕ್ಕೆ ಎರಡು ತಾಸು ದೂರದ ಡಾಕ್ಟರನ್ನು ಆರಿಸಿಕೊಂಡರೆ, ತುರ್ತು ಬಂದಾಗ ಅವರು ಒದಗುವುದಿಲ್ಲ.

ಯಾವಾಗ ಬದಲಿಸಬೇಕು, ಯಾವಾಗ ತಾಳಬೇಕು

ನಿಮ್ಮ ಮಾತು ಕೇಳದೆ ಚೀಟಿ ಬರೆಯುವವರು, ಪ್ರಶ್ನೆ ಕೇಳಿದರೆ ಸಿಡುಕುವವರು, ಕಾಯಿಲೆ ಹತೋಟಿಗೆ ಬಾರದಿದ್ದರೂ ತಿಂಗಳುಗಟ್ಟಲೆ ಅದೇ ಔಷಧಿ ಮುಂದುವರಿಸಿ ಕಾರಣ ಹೇಳದವರು, ದಾಖಲೆ ಕೊಡದವರು — ಇಂಥವರನ್ನು ಬದಲಿಸಿ. ಮನೆಯಿಂದ ತೀರಾ ದೂರವಾದರೂ ಬದಲಿಸಿ.

ಮೂರು ದಿನದಲ್ಲಿ ಕೆಮ್ಮು ಹೋಗಲಿಲ್ಲ ಎಂದು, ಇಂಜೆಕ್ಷನ್ ಕೊಡಲಿಲ್ಲ ಎಂದು, ಆ್ಯಂಟಿಬಯೋಟಿಕ್ ಬೇಡ ಎಂದರೆಂದು ಬದಲಿಸಬೇಡಿ. ಬೇಡದ ಔಷಧಿಯನ್ನು ಬೇಡ ಎನ್ನುವ ಡಾಕ್ಟರ್ ಸಿಗುವುದು ಪುಣ್ಯ.

ಕ್ಷಯಕ್ಕೆ ಸಾಧ್ಯವಾದದ್ದು ಮಧುಮೇಹಕ್ಕೆ ಏಕಿಲ್ಲ?

ದಾಖಲೆಯನ್ನು ರೋಗಿಯ ಜೊತೆಗೇ ಕಳಿಸುವುದು ನಮ್ಮ ದೇಶಕ್ಕೆ ಆಗದ ಕೆಲಸವೇನಲ್ಲ. ಕ್ಷಯರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ 2012ರಿಂದ 'ನಿಕ್ಷಯ್' ಎಂಬ ವ್ಯವಸ್ಥೆ ಇದೆ. ರೋಗಿ ಮುಂಬೈಯಿಂದ ಕಲಬುರಗಿಗೆ ಹೋದರೆ ಅಲ್ಲಿನ ಕೇಂದ್ರಕ್ಕೆ ಅವನ ವಿವರವನ್ನು ವರ್ಗಾಯಿಸಿ ಚಿಕಿತ್ಸೆ ಮುಂದುವರಿಸಬಹುದು. ಕ್ಷಯದ ಔಷಧಿ ನಡುವೆ ನಿಂತರೆ ಮದ್ದಿಗೆ ಬಗ್ಗದ ರೋಗ ಹುಟ್ಟಿ ಊರಿಗೇ ಅಪಾಯ. ಹಾಗಾಗಿ ಸರ್ಕಾರ ದಾಖಲೆಯ ಹೊಣೆ ಹೊತ್ತಿತು. ಬಿಪಿ, ಸಕ್ಕರೆಯಿಂದ ಹಾನಿಯಾಗುವುದು ಒಬ್ಬರ ಮೂತ್ರಪಿಂಡಕ್ಕೆ, ಒಬ್ಬರ ಕಣ್ಣಿಗೆ. ಆ ಹೊಣೆಯನ್ನು ಇನ್ನೂ ಒಬ್ಬೊಬ್ಬರ ಚೀಲಕ್ಕೇ ಬಿಡಲಾಗಿದೆ.

2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಕೊರತೆಯನ್ನು ನೀಗಿಸಲು ಹೊರಟಿದೆ. 14 ಅಂಕಿಯ 'ಆಭಾ' ಸಂಖ್ಯೆಗೆ ನಿಮ್ಮ ದಾಖಲೆಗಳನ್ನು ಜೋಡಿಸಿ, ನಿಮ್ಮ ಒಪ್ಪಿಗೆಯಿಂದ ಬೇರೆ ಡಾಕ್ಟರಿಗೆ ತೋರಿಸಬಹುದು. ಸೇರುವುದು ನಿಮ್ಮ ಇಚ್ಛೆ. ಆದರೆ ಸಂಖ್ಯೆ ಪಡೆದ ಮಾತ್ರಕ್ಕೆ ಬೀದಿ ಮೂಲೆಯ ಕ್ಲಿನಿಕ್ಕಿನ ಕೈಬರಹದ ಚೀಟಿ ತಾನಾಗಿ ಅದರೊಳಗೆ ಬರುವುದಿಲ್ಲ. ಡಾಕ್ಟರ್ ಆ ವ್ಯವಸ್ಥೆಯಲ್ಲಿ ಇರಬೇಕು, ಅಥವಾ ನೀವೇ ಸೇರಿಸಬೇಕು.

ಇಎಸ್‌ಐ ವಿಸ್ತರಣೆಯ ಈ ಹೊತ್ತಿನಲ್ಲಿ ಕಾರ್ಮಿಕ ಸಂಘಗಳೂ ನೌಕರರ ಸಂಘಗಳೂ ಕೇಳಬೇಕಾದದ್ದು ಇದನ್ನೇ: ಡಿಸ್ಪೆನ್ಸರಿ ಬದಲಾದಾಗ ಕಾರ್ಡಿನ ಜೊತೆ ಚಿಕಿತ್ಸೆಯ ಸಾರಾಂಶವೂ ಹೋಗಲಿ, ಅದನ್ನು ಕಳಿಸುವುದು ಹಳೆಯ ಡಿಸ್ಪೆನ್ಸರಿಯ ಕರ್ತವ್ಯವಾಗಲಿ. ಯಾವ ಶಾಲೆಯೂ 'ಟಿ.ಸಿ. ನೀವೇ ಬರೆದುಕೊಳ್ಳಿ' ಎನ್ನುವುದಿಲ್ಲವಲ್ಲ.

ಆ ದಿನ ಬರುವವರೆಗೆ ಬರೆದುಕೊಳ್ಳಬೇಕಾದವರು ನಾವೇ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮನೆಯಲ್ಲಿ ದಿನವೂ ಮಾತ್ರೆ ನುಂಗುವವರೆಲ್ಲರ ಹೆಸರಿಗೆ ಒಂದೊಂದು ಹಾಳೆ ಬರೆಯಿರಿ, ಫೋಟೊ ತೆಗೆದು ಇಬ್ಬರ ಫೋನಿನಲ್ಲಿಡಿ. ಹಾಗೆಯೇ ಕಾರ್ಡ್ ತೆಗೆದು, ಅದರಲ್ಲಿರುವ ಡಿಸ್ಪೆನ್ಸರಿಯ ಹೆಸರು ನೀವು ಈಗ ಇರುವ ಮನೆಗೆ ಹತ್ತಿರದ್ದೇ ಎಂದೂ ನೋಡಿ.